ಆರು ಕಾಲಿನ ಹಠ

"ಚೆನ್ನಾಗಿದೆ ಅನ್ನೋಕೆ ನೀನ್ಯಾರಕ್ಕ? ನೀನೇನು ಮೀನಾ? ಈ ನೊಣದ ರೆಕ್ಕೆ ನೋಡು, ಹಾಲಿನ ಪ್ಯಾಕೆಟ್ಟು. ಮೈ, ನಿನ್ನ ಹಳೇ ಸ್ವೆಟರಿನ ಉಣ್ಣೆ. ಕಣ್ಣು, ಉಗುರುಬಣ್ಣದ ತೊಟ್ಟು. ಕಾಲು, ಬ್ರಶ್ಶಿನ ಎಳೆ. ಮಂಡಿ ಹತ್ರ ಬಿಸಿ ಸೂಜಿ ತಾಗಿಸಿ ಬಗ್ಗಿಸಿದೀನಿ. ನಿಜವಾದ ನೊಣಕ್ಕೆ ಆರು ಕಾಲು, ಇದಕ್ಕೂ ಆರು. ಬಂದವರೆಲ್ಲ ಆಹಾ ಅಂತಾರೆ, ಟೀ ಕುಡೀತಾರೆ, ಹೋಗ್ತಾರೆ. ಆಹಾ ಅನ್ನಬೇಕಾದ್ದು ನೀರೊಳಗಿದೆ, ಅದು ಬಾಯೇ ಬಿಡ್ತಿಲ್ಲ!"

ಹೊಗಳಿದರೆ ಸಿಟ್ಟಾಗುವ ಮನುಷ್ಯ ನನ್ನ ತಮ್ಮ. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ವರ್ಷಗಳಾದರೂ, ಬಿದ್ದ ಸ್ಕ್ರೂ ಹುಡುಕುವವನಂತೆ ನೆಲ ನೋಡುತ್ತಲೇ ನಡೆಯುತ್ತಾನೆ; ಭೂತಗನ್ನಡಿ ಹಣೆಯ ಮೇಲೆ ಮೂರನೆಯ ಕಣ್ಣಿನಂತೆ ಸದಾ ಸಿದ್ಧವಾಗಿರುತ್ತದೆ. ಮೀನನ್ನು ಮರುಳುಗೊಳಿಸಲು ಗಾಳಕ್ಕೆ ಸುಳ್ಳು ನೊಣ ಕಟ್ಟುವುದೇ ಈಗ ಅವನ ವೃತ್ತಿ, ವ್ರತ, ವ್ಯಾಧಿ. ಬಟ್ಟೆ ಒಗೆಯುವ ಬ್ರಶ್ಶು ಬೋಳಾದಾಗ ನಾನೂ ಕೂಗಾಡಿದ್ದೇನೆ. ಆದರೆ ಅವನು ಕಟ್ಟಿದ ನೊಣವನ್ನು ಒಂದೇ ಒಂದು ಮೀನೂ ಮುಟ್ಟಿರಲಿಲ್ಲ.

"ಮೀನು ಕೈಮುಗಿದು ಪಕ್ಕಕ್ಕೆ ಹೋಗುತ್ತೆ ಕಣೋ," ಎಂದು ಅವನ ಗೆಳೆಯ, ಕ್ಷೌರದಂಗಡಿಯವನು, ಕೆಣಕುತ್ತಿದ್ದ.

ಆ ಗೆಳೆಯನೇ ಒಂದು ಬೆಳಿಗ್ಗೆ ಮೊಳದುದ್ದದ ಮೀನು ಹಿಡಿದು ಬಾಗಿಲಲ್ಲಿ ನಿಂತ. "ನೀನು ಕಟ್ಟಿಕೊಟ್ಟ ನೊಣಕ್ಕೇ ಬಿತ್ತು! ನೋಡು, ಇನ್ನೂ ಬಾಯಲ್ಲೇ ಇದೆ!"

ನನ್ನ ತಮ್ಮನ ಮುಖ ಅಷ್ಟೊಂದು ಅರಳಿದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಭೂತಗನ್ನಡಿ ಕಣ್ಣಿಗಿಳಿಯಿತು. ಮೀನಿನ ಬಾಯಿಗೆ ಬಗ್ಗಿದವನು ಹುಬ್ಬು ಗಂಟಿಕ್ಕಿದ.

"ಕಾಲೆಲ್ಲೋ?"

"ಜೇಬಲ್ಲಿ ಮುರಿದೋಯ್ತು. ಮುರಿದ ಮೇಲೇ ಕಚ್ಚಿದ್ದು. ನಿಂದು ನೀರಲ್ಲಿ ಸೆಟೆದುಕೊಂಡಿರುತ್ತೆ ಕಣೋ, ಅಲ್ಲಾಡಲ್ಲ. ಎಲ್ಲದರ ಕಾಲೂ ಕಿತ್ತಾಕು, ದಿನಾ ಮೀನು."

"ಹಾಗಾದ್ರೆ ಅದು ನನ್ನ ನೊಣ ಅಲ್ಲ. ನನ್ನ ಹೆಸರೆತ್ತಬೇಡ. ನಡಿ ಆಚೆ!"

"ಅಕ್ಕಾ, ಇವನಿಗೆ ಗೆದ್ದರೂ ಸಿಟ್ಟೇ!"

"ಗೆದ್ದಿದ್ದು ನಿನ್ನ ಜೇಬು!" ಎಂದು ಅರಚಿ, ಚಿಮುಟದಿಂದ ಗಾಳ ಬಿಡಿಸಿಕೊಂಡು, ಬಾಗಿಲು ದಡಾರನೆ ಹಾಕಿ, ಕಾಲು ಜೋಡಿಸಲು ಕೂತ.

ಸುಳ್ಳನ್ನೇ ಮಾಡಲು ಕೂತು, ಆ ಸುಳ್ಳಿನಲ್ಲೂ ಕಾಲೊಂದರಷ್ಟು ಕಪಟ ಸಹಿಸದ ಜನರಿವರು. ಲೋಕ ಅವರನ್ನು ಸೋಲಿಸಬಲ್ಲದು, ಒಪ್ಪಿಸಲಾರದು. ಅವರ ಜೊತೆ ಬದುಕುವವರಿಗೆ ಮಾತ್ರ ಬೈಯುವ ಹಕ್ಕಿದೆ. ನಾನು ಬೈಯುತ್ತಲೇ, ಗೆಳೆಯ ಬಿಟ್ಟುಹೋದ ಮೀನನ್ನು ನಲ್ಲಿಯ ಕೆಳಗಿಟ್ಟು, ಬಾಲದಿಂದ ತಲೆಯ ಕಡೆಗೆ ಚಾಕು ಎಳೆದು ಹುರುಪೆ ತೆಗೆಯತೊಡಗಿದೆ.