ಏಳರಲ್ಲೇ ನಿಂತ ಮೀಟರ್

ಬಂಗಾರಪೇಟೆಯ ಆಚೆ, ಕಬ್ಬಿಣದ ತಂತಿಯನ್ನು ಆಸಿಡ್ಡಿನಲ್ಲಿ ಅದ್ದಿ ತುಕ್ಕು ಬಿಡಿಸುವ ಕಾರ್ಖಾನೆಯೊಂದಿದೆ. ಆ ಬೆಳಿಗ್ಗೆ ಮುನಿಸ್ವಾಮಪ್ಪ ಅದರ ಗೇಟಿನ ಮುಂದೆ ಸತ್ತ ಕುರಿಯನ್ನು ತಂದು ಹಾಕಿದ. ಅದು ಆರನೆಯದು. ಕಾರ್ಖಾನೆಯ ನೀರು ಹರಿಯುವ ಕಾಲುವೆಯಲ್ಲೇ ಅವನ ಕುರಿಗಳು ಬಾಯಿ ಹಾಕುತ್ತಿದ್ದವು. ಬೆನ್ನ ಹಿಂದೆ ಅರ್ಧ ಊರೇ ಬಂದಿತ್ತು.

ಒಳಗೆ ತೊಟ್ಟಿಯ ಬಳಿ ನಿಂತಿದ್ದ ಆಪರೇಟರ್ ಶಶಿರೇಖ ಅದನ್ನು ನೋಡಿದಳು. ಮುನಿಸ್ವಾಮಪ್ಪ ಅವಳ ದೊಡ್ಡಪ್ಪ.

ಕಾರ್ಖಾನೆಯ ಕೊಳೆನೀರು ಕಾಲುವೆಗೆ ಬೀಳುವ ಮುನ್ನ ನಿಲ್ಲುವ ಆ ತೊಟ್ಟಿಯದು ಸರಳ ಏರ್ಪಾಡು. ನೀರಿನಲ್ಲಿ ಮುಳುಗಿದ ಸೆನ್ಸರ್ ಆಸಿಡ್ ಎಷ್ಟಿದೆ ಎಂದು ನೋಡುತ್ತದೆ. ಆಸಿಡ್ ಹೆಚ್ಚಿ ಪಿಎಚ್ ಏಳಕ್ಕಿಂತ ಇಳಿದರೆ, ಅದನ್ನು ಅಡಗಿಸಲು ಪಂಪು ತಾನಾಗಿಯೇ ಸುಣ್ಣದ ನೀರು ಸುರಿಯುತ್ತದೆ. ತೀರಾ ಇಳಿದರೆ ನೀರನ್ನು ಹೊರಗೆ ಬಿಡುವ ವಾಲ್ವ್ ಮುಚ್ಚಿಕೊಂಡು ಸೈರನ್ ಕೂಗುತ್ತದೆ. ಇಂಥ ಯಂತ್ರದಿಂದ ಕಳ್ಳರಿಗೆ ತೊಂದರೆ. ಅದಕ್ಕೇ ಸೂಪರ್‌ವೈಸರ್ ಕಾಂತರಾಜ್ ಸೆನ್ಸರನ್ನು ತೊಟ್ಟಿಯಿಂದ ತೆಗೆಸಿ ಒಳ್ಳೆಯ ನೀರಿನ ಬಕೆಟ್ಟಿನಲ್ಲಿ ಇಡಿಸಿದ್ದ. ಸುಣ್ಣ ತರಿಸುವುದೂ ನಿಂತಿತು; ಅದರ ದುಡ್ಡು ಅವನ ಜೇಬಿಗೆ. ಮೀಟರ್ ಎಂಟು ತಿಂಗಳಿಂದ ಏಳು ಬಿಟ್ಟು ಕದಲಿರಲಿಲ್ಲ. ಆದರೆ ಸೆನ್ಸರನ್ನು ಬಕೆಟ್ಟಿನಲ್ಲಿ ಇಟ್ಟ ಕೈ ಶಶಿರೇಖಳದು. ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದಳು. ಊರಿಗೆ ಗೊತ್ತಾದರೆ ಗತಿಯೇನೆಂದು ಒಳಗೊಳಗೇ ಬೇಯುತ್ತಿದ್ದಳು.

ಮಾರಿಕುಪ್ಪಂ ಕಡೆಯ ರೈಲಿಳಿದು ಬಂದ ಕಾಂತರಾಜ್ ಊರವರನ್ನು ನೇರ ಮೀಟರಿನ ಮುಂದೆ ತಂದು ನಿಲ್ಲಿಸಿದ.

"ನೋಡ್ರಪ್ಪಾ, ಏಳು ತೋರುಸ್ತೈತೆ. ಅಂಗೂ ಏನಾನ ಎಡವಟ್ಟಾಗಿದ್ರೆ ನಿಮ್ಮೂರ ಉಡುಗೀನೇ ಕೇಳ್ರಿ. ನೀರು ನೋಡ್ಕಳೋದು ಅವ್ಳ ಕೆಲ್ಸ."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸುವುದೆಂದರೆ ಇದೇ.

"ಥೂ, ನಿನ್ ಜನ್ಮಕ್ಕೆ!" ಮುನಿಸ್ವಾಮಪ್ಪ ಶಶಿರೇಖಳ ಕಾಲ ಬಳಿ ಉಗಿದ.

ಅವಳಿಗೆ ಮೈಯೆಲ್ಲ ಉರಿಯಿತು. ತೊಟ್ಟಿಯ ಮರೆಯಲ್ಲಿದ್ದ ಬಕೆಟ್ಟಿನಿಂದ ಸೆನ್ಸರನ್ನು ಎಳೆದು ತೊಟ್ಟಿಗೆ ಇಳಿಬಿಟ್ಟಳು.

"ಏಯ್, ಮುಟ್ಬ್ಯಾಡ ಅದನ್ನ!" ಎಂದು ಕಾಂತರಾಜ್ ಅರಚುವಷ್ಟರಲ್ಲಿ ಮೀಟರ್ ಐದಕ್ಕೆ, ಮೂರಕ್ಕೆ, ಎರಡಕ್ಕೆ ಕುಸಿಯಿತು. ಪಂಪು ಗೊರಗೊರ ಎಂದಿತು; ಸುಣ್ಣದ ಡ್ರಮ್ಮು ಖಾಲಿ. ವಾಲ್ವ್ ಮುಚ್ಚಿಕೊಂಡು ಸೈರನ್ ಕೂಗಿತು. ಊರವರು ಕಾಂತರಾಜನ ಕೊರಳಪಟ್ಟಿಗೆ ಕೈ ಹಾಕಿದರು.

ಮುನಿಸ್ವಾಮಪ್ಪ ಅತ್ತ ತಿರುಗಲಿಲ್ಲ; ಬಕೆಟ್ ತೋರಿಸಿ ಶಶಿರೇಖಳನ್ನು ಕೇಳಿದ.

"ಎಷ್ಟು ದಿನದಿಂದ ಇದ್ರಾಗೆ ಇಕ್ಕಿದ್ದೆ?"

"ಎಂಟು ತಿಂಗ್ಳು, ದೊಡ್ಡಪ್ಪ. ಅವ್ನು ಇಕ್ಕು ಅಂದ, ಇಕ್ದೆ."

"ದೊಡ್ಡಪ್ಪ ಅನ್ಬ್ಯಾಡ. ದಿನಾ ನಿನ್ ಕಣ್ಮುಂದೇನೇ ಕುರಿ ಒಡ್ಕೊಂಡು ಓಗ್ತಿದ್ನಲ್ಲಮ್ಮಾ. ಒಂದಿನಾನಾದ್ರೂ ಆ ನೀರಿಗೆ ಬಿಡ್ಬ್ಯಾಡ ಅಂದ್ಯಾ?"

"ಇಲ್ಲ" ಎಂದಳು ಶಶಿರೇಖ. ದೊಡ್ಡಪ್ಪ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.