ಕೈಗೆ ಗೊತ್ತಾಗಬೇಕು

ನಮ್ಮಣ್ಣನಿಗೆ ಶಾಫ್ಟಿನ ಹುಚ್ಚು. ಗಾಲ್ಫ್ ಆಡುವವರು ಚೆಂಡು ಎಲ್ಲಿ ಬಿತ್ತು ಅಂತ ನೋಡಿದರೆ, ಇವನು ಕ್ಲಬ್ಬಿನ, ಅಂದರೆ ಚೆಂಡು ಹೊಡೆಯುವ ಕೋಲಿನ, ಹಿಡಿಗೂ ತಲೆಗೂ ನಡುವೆ ಇರುವ ಆ ಉದ್ದನೆಯ ಕೊಳವೆಯನ್ನೇ ನೋಡುತ್ತಾನೆ. ಅಭ್ಯಾಸದ ಮೈದಾನದ ಅಂಚಿನಲ್ಲಿ ನಮ್ಮ ರಿಪೇರಿ ಅಂಗಡಿ. ಕತ್ತರಿಸುವುದು, ಅಂಟು ಹಾಕುವುದು, ಗಿರಾಕಿಗಳನ್ನು ಗದರುವುದು ನನ್ನ ಪಾಲು. ಕ್ಲಬ್ಬನ್ನು ಕೈಯಲ್ಲಿ ಒಂದೆರಡು ಸಲ ಅಲ್ಲಾಡಿಸಿ, "ಇದು ನಿಮಗೆ ಗಟ್ಟಿಯಾಯ್ತು, ಚೆಂಡು ಮೇಲೇಳಲ್ಲ, ಬಲಕ್ಕೆ ಜಾರುತ್ತೆ" ಎಂದು ಹೇಳುವುದು ಅವನ ಪಾಲು. ಅವನು ಹೇಳಿದ್ದು ತಪ್ಪಿದ್ದನ್ನು ನಾನಂತೂ ಕಾಣೆ.

ಅಂಥವನಿಗೆ ಸ್ಟ್ರೋಕ್ ಆಯಿತು. ಬಲಗೈಗೆ ಶಕ್ತಿ ನಿಧಾನವಾಗಿ ವಾಪಸ್ ಬಂತು, ಸ್ಪರ್ಶ ಮಾತ್ರ ಬರಲಿಲ್ಲ. ಗುಂಡಿ ಹಾಕಿಕೊಳ್ಳುತ್ತಾನೆ, ಲೋಟ ಎತ್ತುತ್ತಾನೆ, ಆದರೆ ಲೋಟ ಬಿಸಿಯಾಗಿದೆಯೋ ತಣ್ಣಗಿದೆಯೋ ಎಂದು ಎಡಗೈಯನ್ನು ಕೇಳಬೇಕು. "ಬಂದ್ರೂ ಬರಬಹುದು, ಬರದೇನೂ ಇರಬಹುದು. ಕೈಗೆ ಕೆಲಸ ಕೊಡ್ತಾ ಇರಿ" ಅಂದರು ಡಾಕ್ಟರು. ಇಷ್ಟು ಹೇಳೋದಕ್ಕೆ ಡಾಕ್ಟರೇ ಆಗಬೇಕಿತ್ತೆ ಅಂತ ನನಗೆ ಸಿಟ್ಟು. ದಿನಾ ಬೆಳಿಗ್ಗೆ ಅವನ ಕಣ್ಣು ಮುಚ್ಚಿಸಿ ಬಲಗೈ ಚಿವುಟುತ್ತಿದ್ದೆ. "ಚಿವುಟಿದ್ಯಾ?" ಎಂದು ಕೇಳುತ್ತಿದ್ದ. "ಇನ್ನೂ ಇಲ್ಲಪ್ಪಾ, ಅವಸರ ಯಾಕೆ" ಎಂದು ಸುಳ್ಳು ಹೇಳಿ ಒಳಗೆ ಹೋಗುತ್ತಿದ್ದೆ.

ಅವನಿಗಾಗಿಯೇ ಒಂದು ಕ್ಲಬ್ ಮಾಡಿದೆ. ಹಗುರವಾದ ಗ್ರಾಫೈಟ್ ಶಾಫ್ಟು, ನಿಧಾನದ ಬೀಸಿಗೂ ಬಾಗುವಂಥದು, ಮೇಲೆ ದಪ್ಪ ರಬ್ಬರಿನ ಹಿಡಿ. ಕೈಗೆ ಒಂಚೂರೂ ಪೆಟ್ಟಾಗಬಾರದು ನೋಡಿ. ಅಣ್ಣ ಹೊಡೆದ. ಚೆಂಡು ಎತ್ತರಕ್ಕೆ ಎದ್ದು, ನೆಟ್ಟಗೆ ಹೋಗಿ, ಮೆಲ್ಲಗೆ ಇಳಿಯಿತು. ನಾನು ಚಪ್ಪಾಳೆ ತಟ್ಟಿದೆ. ಅವನು ಕ್ಲಬ್ಬನ್ನು ಗೋಡೆಗೆ ಒರಗಿಸಿಬಿಟ್ಟ.

"ಅಷ್ಟು ಚೆನ್ನಾಗಿ ಹೋಯ್ತಲ್ಲೋ!"

"ಹೋಯ್ತು ಅಂತ ಕಣ್ಣು ಹೇಳ್ತು. ಕೈಗೆ ಗೊತ್ತೇ ಆಗ್ಲಿಲ್ಲ ಪುಟ್ಟಿ. ಅಂಗಡಿಗೆ ಬೇರೆ ಯಾರನ್ನಾದ್ರೂ ಇಟ್ಕೋ."

ನನ್ನ ತಲೆ ನರೆತರೂ ಅವನಿಗೆ ನಾನು ಪುಟ್ಟಿಯೇ. ಬೇರೆ ಯಾರನ್ನೋ ಇಟ್ಟುಕೊಳ್ಳಬೇಕಂತೆ! ಆಮೇಲೆ ಮೂಲೆಯ ಕುರ್ಚಿಯಲ್ಲಿ ಕೂತು ಮೈದಾನ ನೋಡುವುದೊಂದೇ ಅವನ ಕೆಲಸವಾಯಿತು. ಕ್ಲಬ್ ಮುಟ್ಟಲಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಗದರುತ್ತಿದ್ದೆ.

ಒಂದು ದಿನ ರಿಟೈರಾದ ಮೇಷ್ಟ್ರೊಬ್ಬರು ಗೊಣಗುತ್ತಾ ಬಂದರು. "ಈ ಸ್ಟೀಲ್ ಶಾಫ್ಟ್ ತೆಗೆದು ಹಗುರದ್ದು ಹಾಕ್ಕೊಡಮ್ಮಾ. ಚೆಂಡು ಒಂಚೂರು ಅಂಚಿಗೆ ತಗುಲಿದ್ರೆ ಸಾಕು, ಮೊಣಕೈವರೆಗೂ ಜುಮ್ ಅನ್ನುತ್ತೆ."

ಕ್ಲಬ್ಬಿನ ಕತ್ತು ಕಾಯಿಸಿ, ಅಂಟು ಕರಗಿಸಿ, ಆ ಸ್ಟೀಲನ್ನು ಎಳೆದು ತೆಗೆದೆ. ತೆಗೆದವಳು ಅದನ್ನು ಹಿಡಿದುಕೊಂಡು ಹಾಗೇ ನಿಂತೆ. ಪೆಟ್ಟನ್ನೆಲ್ಲ ದಾರಿಯಲ್ಲೇ ನುಂಗಿಬಿಡುವುದು ಗ್ರಾಫೈಟಿನ ಗುಣ. ಅಷ್ಟು ಅಕ್ಕರೆಯಿಂದ ನಾನು ಮಾಡಿಕೊಟ್ಟದ್ದು, ಅಣ್ಣನ ಕೈಗೆ ಏನೊಂದೂ ಮುಟ್ಟದಂತೆ ಮಾಡುವ ಸಾಮಾನು! ಕೆನ್ನೆಗೆ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು, ನನ್ನ ಮೇಲೇ.

"ಈ ಹಳೇದನ್ನ ನಾನು ಇಟ್ಕೊಳ್ಳಲಾ ಮೇಷ್ಟ್ರೇ?"

"ಇಟ್ಕೋ ತಾಯಿ, ಯಾರಿಗೆ ಬೇಕು ಆ ಪೀಡೆ!"

ಆ ಪೀಡೆಗೆ ಹಳೆಯ ಕಬ್ಬಿಣದ ತಲೆಯೊಂದನ್ನು ಕೂರಿಸಿ, ಇದ್ದುದರಲ್ಲೇ ತೆಳ್ಳಗಿನ ಹಿಡಿ ಸುತ್ತಿದೆ. ಬೆಳಿಗ್ಗೆ ಅಂಟು ಒಣಗಿತ್ತು. ಅಣ್ಣನ ಮುಂದೆ ಹಿಡಿದೆ.

ಕೂತಲ್ಲಿಂದಲೇ ನೋಡಿದ. "ಸ್ಟೀಲು. ಅದರಲ್ಲೂ ಗಟ್ಟಿ. ತಲೆ ನೆಟ್ಟಗಿದೆ ತಾನೆ ನಿಂಗೆ? ನನ್ನ ಈಗಿನ ಬೀಸಿಗೆ ಇದು ಬಾಗೋದೇ ಇಲ್ಲ. ಬಲಕ್ಕೆ ಹೋಗುತ್ತೆ."

"ಹೋಗ್ಲಿ ಬಿಡು. ದಾರಿ ತಪ್ಪಿತು ಅಂತ ಅಳೋಕೆ ಚೆಂಡೇನು ನೀನು ಹೆತ್ತ ಮಗನಾ? ಏಳು, ಹೊಡಿ."

ನನ್ನ ಬಾಯಿಗೆ ಹೆದರಿಯೇ ಎದ್ದ. ಹೊಡೆದ. ಚೆಂಡು ಅವನು ಹೇಳಿದ ಹಾಗೆಯೇ ತಗ್ಗಿನಲ್ಲಿ ಹೋಗಿ ಬಲಗಡೆಯ ಬೇಲಿಗೆ ಬಿತ್ತು. ಇನ್ನೊಂದೂ ಅಲ್ಲಿಗೇ ಹೋಯಿತು.

"ಏನಾದ್ರೂ ಗೊತ್ತಾಯ್ತಾ?"

"ಏನೂ ಇಲ್ಲ ಪುಟ್ಟಿ. ಸುಮ್ನೆ ಯಾಕೆ..."

ಅವನಿಗೆ ತೋಳು ಸೋತಿತ್ತು. ನನಗೆ ಧೈರ್ಯ ಸೋತಿತ್ತು. ಆದರೂ ಮತ್ತೊಂದು ಚೆಂಡು ಇಟ್ಟೆ. ಈ ಸಲ ಕಬ್ಬಿಣದ ಕೆಳ ಅಂಚು ಚೆಂಡಿನ ನೆತ್ತಿಗೆ ಬಡಿದು ಕಟ್ ಎಂದು ಕೆಟ್ಟ ಸದ್ದಾಯಿತು. ಚೆಂಡು ಹುಲ್ಲಿನ ಮೇಲೇ ಓಡಿ ನಿಂತಿತು. ಕ್ಲಬ್ ಅಣ್ಣನ ಕೈಯಿಂದ ಜಾರಿ ಬಿತ್ತು. ನಾನು ಓಡಿದೆ.

"ಏನಾಯ್ತಣ್ಣಾ?"

ಅವನು ಬಲಗೈಯನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದ. "ಉರೀತಿದೆ."

"ಎಲ್ಲಿ?"

"ಇಲ್ಲಿ, ಹೆಬ್ಬೆರಳಿನ ಬುಡದಲ್ಲಿ. ಅಬ್ಬಬ್ಬಾ, ಏನು ಉರಿ ಕಣೇ!" ನಗುತ್ತಿದ್ದ. ಕಣ್ಣಲ್ಲಿ ನೀರು ಬೇರೆ.

ನಾನು ಸುಲಭಕ್ಕೆ ನಂಬುವವಳಲ್ಲ. ಅವನು ಬೇಲಿಯ ಕಡೆ ತಿರುಗಿ ಎಡಗೈಯಲ್ಲಿ ಕಣ್ಣೊರೆಸಿಕೊಳ್ಳುವಾಗ ಅದೇ ಜಾಗವನ್ನು ಚಿವುಟಿದೆ.

"ಲೇ! ಯಾಕೆ ಚಿವುಟ್ತೀಯಾ?"

ಗದರಬೇಕು ಅಂತಲೇ ಬಾಯಿ ತೆಗೆದೆ. ಅವನ ತೋಳಿಗೆ ಹಣೆ ಒತ್ತಿ ಅತ್ತುಬಿಟ್ಟೆ. ಅವನು ಆ ಬಲಗೈಯಿಂದಲೇ ನನ್ನ ತಲೆ ಸವರಿದ.

"ಸಾಕು ಅತ್ತಿದ್ದು. ಇನ್ನೊಂದು ಚೆಂಡಿಡು."

"ಸುಸ್ತಾಗಿದೀಯ. ಹೊಡೆಯೋದೇ ಆದ್ರೆ ಸರಿಯಾಗಿ ಹೊಡಿ."

"ಸರಿಯಾಗಿ ಹೊಡೆದ್ರೆ ಏನು ಸುಖ?" ಅಂದ.

ಚೆಂಡು ಕ್ಲಬ್ಬಿನ ತಲೆಯ ಮಧ್ಯಕ್ಕೇ ತಗುಲಬೇಕೆಂದು ಊರಿಗೆಲ್ಲ ಹೇಳಿಕೊಡುತ್ತಾ ಬಂದ ನಮ್ಮಣ್ಣ, ಕ್ಲಬ್ ಎತ್ತಿಕೊಂಡು, ಬೇಕೆಂದೇ ಅಂಚಿಗೆ ಹೊಡೆಯಲು ನಿಂತ.