ಗಾಳಿಯ ದಾರಿ

ಇಸಕ್ಕಿಮುತ್ತು ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಒಳಗಿನಿಂದ ಮಿಖೇಲನ ದನಿ ಕೇಳಿತು. "ಅಯ್ಯೋ, ಪೆಟ್ಟಿಗೆ ತಣ್ಣಗಾಗ್ತಾನೇ ಇಲ್ವಲ್ಲ!"

ಹನ್ನೆರಡು ವರ್ಷಗಳ ನಂತರ ಇಸಕ್ಕಿಮುತ್ತು ಕಸ್ಪರನ ಮನೆಗೆ ಬಂದಿದ್ದ. ಮುಖ ನೋಡಿ, ಕೈಮುಗಿದು, ಯಾರ ಕಣ್ಣಿಗೂ ಬೀಳದೆ ಹೊರಟುಬಿಡಬೇಕೆಂದಿದ್ದ. ತೂತ್ತುಕುಡಿಯ ಮೀನು ಬಂದರಿನ ಶೀತಲಗೃಹಗಳಲ್ಲಿ ಒಂದು ಕಾಲಕ್ಕೆ ಇಬ್ಬರೂ ಜೋಡಿ ಮೆಕ್ಯಾನಿಕ್ಕುಗಳು. ಈಗ ಕಸ್ಪರ ಬಾಡಿಗೆಯ ಫ್ರೀಜರ್ ಪೆಟ್ಟಿಗೆಯ ಗಾಜಿನಡಿ, ಬಿಳಿ ಅಂಗಿ ತೊಟ್ಟು, ಬೆರಳಿಗೆ ಜಪಮಾಲೆ ಸುತ್ತಿಕೊಂಡು ಮಲಗಿದ್ದ. ಗಾಜಿನ ಒಳಗೆ ನೀರು ಹನಿಗಟ್ಟತೊಡಗಿತ್ತು. ಹೊರಗೆ ಮೇ ತಿಂಗಳ ಬಿಸಿಲು.

"ಪೆಟ್ಟಿಗೆಯವನು ಫೋನೇ ಎತ್ತುತ್ತಿಲ್ಲ," ಎಂದ ಮಿಖೇಲ, ಸತ್ತವನ ಭಾವಮೈದುನ. "ಇನ್ನು ಕಾಯೋಕಾಗಲ್ಲ ಅಕ್ಕಾ. ಫಾದರಿಗೆ ಹೇಳಿ ಈಗಲೇ ಎತ್ತಿಬಿಡೋಣ."

"ಜೆಸಿಂತಾ ರೈಲು ಇನ್ನೂ ಮಧುರೈಗೆ ಬಂದಿಲ್ಲ," ಎಂದಳು ಕಸ್ಪರನ ಹೆಂಡತಿ ಲೂರ್ದಮ್ಮಾಳ್. ಅತ್ತೂ ಅತ್ತೂ ಅವಳ ದನಿ ಸವೆದಿತ್ತು. "ಸೂರತ್ತಿಂದ ಎರಡು ದಿನ ಕೂತ್ಕೊಂಡು ಬರ್ತಿದ್ದಾಳೆ ಮಗಳು. ಅಪ್ಪನ ಮುಖಾನೂ ಸಿಗಲ್ಲ ಅಂದ್ರೆ?"

"ಆ ಮುಖ ಎಂಥಾ ಸ್ಥಿತೀಲಿ ನೋಡಬೇಕು ಅಂತ ನೀನೇ ಹೇಳು."

ಅವಳು ಬಾಗಿಲಾಚೆ ನೋಡಿದಳು. "ಇಸಕ್ಕಿಯಣ್ಣ, ನೀವೊಂದ್ಸಲ ನೋಡಿ."

ಅವನು ಒಳಗೆ ಬಂದ.

"ಗ್ಯಾಸ್ ಖಾಲಿಯಾಗಿರತ್ತೆ, ಅಲ್ವಾ?" ಎಂದ ಮಿಖೇಲ.

ಹೌದೆನ್ನಲು ಬಾಯಿ ತೆರೆದ ಇಸಕ್ಕಿಮುತ್ತು ಹಾಗೇ ಮುಚ್ಚಿಕೊಂಡ.

*

ಹನ್ನೆರಡು ವರ್ಷದ ಹಿಂದೆ, ಆವತ್ತೂ ಇಸಕ್ಕಿಮುತ್ತು ಗ್ಯಾಸ್ ಖಾಲಿ ಅಂತಲೇ ಅಂದಿದ್ದ. ಸಿಗಡಿ ತುಂಬಿದ ಶೀತಲಗೃಹದ ಕೋಣೆ ತಣಿಯುತ್ತಿರಲಿಲ್ಲ. ಕಸ್ಪರ ಎಂದಿನಂತೆ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೊಳವೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ.

"ಗ್ಯಾಸ್ ಸರಿಯಾಗೇ ಇದೆ ಕಣೋ. ಒಳಗೆ ಕೊಳವೆ ಸುರುಳಿಗೆ ಮಂಜು ಕಟ್ಟಿದೆ, ಗಾಳಿಗೆ ದಾರಿಯಿಲ್ಲ. ಕರಗಿಸೋಣ. ಊಟ ಮಾಡ್ಕೊಂಡು ಬರ್ತೀನಿ, ಅಲ್ಲೀವರೆಗೆ ಮುಟ್ಟಬೇಡ."

ಮಾಲೀಕ ಅವಸರಪಡಿಸಿದ. ಇಸಕ್ಕಿಮುತ್ತು ಗ್ಯಾಸ್ ತುಂಬಿದ. ಹೆಚ್ಚಾದ ಗ್ಯಾಸ್ ಆವಿಯಾಗದೆ ದ್ರವವಾಗಿಯೇ ಹಿಂದಿರುಗಿ ಕಂಪ್ರೆಸರನ್ನು ಒಡೆಯಿತು. ಮರುದಿನ ಇಡೀ ಕೋಣೆ ನಾತ ಹೊಡೆಯುತ್ತಿತ್ತು.

"ಯಾವನ ಕೈ ಇದು?" ಎಂದು ಮಾಲೀಕ ಅರಚಿದ.

"ನಂದು," ಎಂದ ಕಸ್ಪರ.

ಇಸಕ್ಕಿಮುತ್ತುವಿನ ಹೆಂಡತಿ ಆಗ ಆಸ್ಪತ್ರೆಯಲ್ಲಿದ್ದಳು. ಅವನು ನೆಲ ನೋಡುತ್ತ ನಿಂತ. ಬಂದರಿನಲ್ಲಿ ಮತ್ತೆ ಯಾರೂ ಕಸ್ಪರನನ್ನು ಕೆಲಸಕ್ಕೆ ಕರೆಯಲಿಲ್ಲ. ಬೇಕರಿ, ಕೋಳಿ ಅಂಗಡಿಗಳ ಫ್ರಿಜ್ಜು ರಿಪೇರಿ ಮಾಡುತ್ತಲೇ ಅವನು ಮುದುಕನಾದ.

*

ಇಸಕ್ಕಿಮುತ್ತು ಮಂಡಿನೋವು ನುಂಗಿಕೊಂಡು ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಕಂಪ್ರೆಸರನ್ನು ಮುಟ್ಟಿ ಥಟ್ಟನೆ ಕೈ ಹಿಂತೆಗೆದ; ಕಾದ ಹೆಂಚಿನಂತಿತ್ತು. ಅದು ಟಕ್ಕೆಂದು ಹತ್ತುವುದು, ಗುರ್ರೆನ್ನುವುದು, ಮತ್ತೆ ಟಕ್ಕೆಂದು ನಿಲ್ಲುವುದು. ಕಾವು ಹೊರಹೋಗದೆ ತನ್ನಷ್ಟಕ್ಕೇ ನಿಂತುಬಿಡುತ್ತಿತ್ತು. ಕಾವು ಹೊರಡಬೇಕಾದ ಜಾಲರಿ ಪೆಟ್ಟಿಗೆಯ ಕಾಲಬುಡದಲ್ಲಿತ್ತು. ಬಂದವರೆಲ್ಲ ಹಾರಗಳನ್ನು ಅದಕ್ಕೇ ಒತ್ತಿ ರಾಶಿ ಹಾಕಿದ್ದರು.

"ಗ್ಯಾಸ್ ಅಲ್ಲ, ಹೂವು," ಎಂದ. "ಉಸಿರಾಡೋ ಜಾಗಾನೇ ಮುಚ್ಚಿಬಿಟ್ಟಿದ್ದೀರಿ."

ಹಾರಗಳನ್ನೆಲ್ಲ ಎತ್ತಿ ಅಂಗಳಕ್ಕೆ ಸಾಗಿಸಿದ. ಜಾಲರಿಗೆ ಸಿಕ್ಕಿಕೊಂಡ ಎಸಳುಗಳನ್ನು ಒಂದೊಂದಾಗಿ ಕಿತ್ತ. ಸ್ವಿಚ್ ಆರಿಸಿ, ಮೇಜಿನ ಫ್ಯಾನನ್ನು ಯಂತ್ರಕ್ಕೆ ತಿರುಗಿಸಿದ. ಅದು ಆರುವವರೆಗೆ ಕಾಯುವುದಷ್ಟೇ ಉಳಿದಿತ್ತು. ಲೂರ್ದಮ್ಮಾಳ್ ಅವನ ಪಕ್ಕ ನೆಲದ ಮೇಲೆ ಕೂತಳು.

"ಆವತ್ತು ಗ್ಯಾಸ್ ಹಾಕಿದ್ದು ನಾನಮ್ಮ," ಎಂದ, ಅವಳ ಕಡೆ ನೋಡದೆ.

"ಗೊತ್ತು. ಇವರು ಆವತ್ತೇ ಮನೆಗೆ ಬಂದು ಹೇಳಿದ್ರು."

ಅವನ ಕತ್ತು ಇನ್ನಷ್ಟು ಕುಸಿಯಿತು.

"ಭಾನುವಾರ ಇಸಕ್ಕಿ ಬಂದೇ ಬರ್ತಾನೆ, ಒಂದು ಮೀನು ಹೆಚ್ಚಿಗೆ ಹುರಿ ಅನ್ನೋರು," ಎಂದಳು ಅವಳು. ಸಿಟ್ಟು ಮಾಡುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ. "ಒಂದು ವರ್ಷ ಹುರಿದೆ. ಆಮೇಲೆ ಬಿಟ್ಟೆ."

ಅರ್ಧ ಗಂಟೆಯ ಮೇಲೆ ಸ್ವಿಚ್ ಹಾಕಿದ. ಯಂತ್ರ ಹತ್ತಿತು. ಈ ಸಲ ಟಕ್ಕೆನ್ನಲಿಲ್ಲ, ಒಂದೇ ಸಮನೆ ಓಡಿತು. ಕೊಳವೆಯ ಮೇಲೆ ಅಂಗೈಯಿಟ್ಟುಕೊಂಡೇ ಕೂತ. ಮೆಲ್ಲಗೆ ತಣ್ಣಗಾಗುತ್ತ ಬಂತು. ಮಿಖೇಲ ಫಾದರಿಗೆ ಮತ್ತೆ ಫೋನ್ ಮಾಡಿದ. "ಐದು ಗಂಟೆಗೇ ಆಗ್ಲಿ ಫಾದರ್. ಮಗಳು ಬರ್ಲಿ."

ಬೇಕರಿಯವರು ದಪ್ಪ ಗುಲಾಬಿ ಹಾರ ಹಿಡಿದು ಬಂದರು. ಇಸಕ್ಕಿಮುತ್ತು ಎದ್ದು ಜಾಲರಿಗೆ ಅಡ್ಡ ನಿಂತ. "ಇಲ್ಲಿ ಬೇಡಪ್ಪ. ನನ್ನ ಕೈಗೆ ಕೊಡಿ."

ಕೋಳಿ ಅಂಗಡಿಯವರು ಬಂದರು. ಬೀದಿಯವರು ಬಂದರು. ಬಂದರಿನಿಂದಲೂ ನಾಲ್ಕು ಜನ ಬಂದರು.

ನಾಲ್ಕೂವರೆಗೆ ಜೆಸಿಂತಾ ಹೆಗಲ ಚೀಲದ ಸಮೇತ ಓಡಿಬಂದು ಗಾಜಿಗೆ ಹಣೆ ಹಚ್ಚಿದಳು. ಪೆಟ್ಟಿಗೆಯ ಕಾಲಬುಡದಲ್ಲಿ ಇಸಕ್ಕಿಮುತ್ತು ಎರಡೂ ತೋಳು ಚಾಚಿ, ಗದ್ದದವರೆಗೆ ಹಾರ ಹೊತ್ತು ನಿಂತಿದ್ದ. ಕಣ್ಣೊರೆಸಿಕೊಳ್ಳಲು ಅವನಿಗೆ ಒಂದು ಕೈಯೂ ಬಿಡುವಿರಲಿಲ್ಲ.